ಚೆಂಡು ಇಲ್ಲದ ಕಡೆ ನೋಡು

ಹನುಮಂತನಗರ, ಬೆಂಗಳೂರು
20 ಮಾರ್ಚ್ 2025

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜನ್ನು ಬೆಳಿಗ್ಗೆ ಹಾಲು ಕಾಯಿಸುತ್ತಾ ಮತ್ತೊಮ್ಮೆ ಓದಿದೆ. "ಅಮ್ಮಾ, ಹೋದ ವರ್ಷ ಸುನಿಲ್ ಚೆಟ್ರಿ ನಿವೃತ್ತಿ ಆದಾಗ ಅಷ್ಟೊಂದು ಅತ್ತಿದ್ದೆಯಲ್ಲ, ಈಗ ನೋಡು, ವಾಪಸ್ ಬಂದು ಗೋಲ್ ಹೊಡೆದಿದ್ದಾನೆ. ಹಾಗಾದ್ರೆ ಆವತ್ತು ಅತ್ತಿದ್ದು ಯಾಕೆ?" ಎರಡು ಸಾಲಲ್ಲಿ ಉತ್ತರ ಬರೆಯೋಣ ಅಂತ ಫೋನ್ ಹಿಡಿದೆ, ಆಗಲಿಲ್ಲ. ಅಜ್ಜಿಯ ಕಣ್ಣು ತೋರಿಸೋಕೆ ಅಂತ ಇವತ್ತು ರಜೆ ಹಾಕಿದ್ದೆ. ತೋರಿಸಿಕೊಂಡು ಬಂದಾಯ್ತು, ಊಟ ಮಾಡಿ ಮಲಗಿದ್ದಾರೆ. ನಿನ್ನ ಹಳೇ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೀನಿ.

ನಿನ್ನೆ ಶಿಲ್ಲಾಂಗಿನಲ್ಲಿ ಭಾರತ-ಮಾಲ್ಡೀವ್ಸ್ ಫುಟ್‌ಬಾಲ್ ಮ್ಯಾಚ್ ಪೂರ್ತಿ ನೋಡಿದೆ. ಮಾಲ್ಡೀವ್ಸ್ ದೊಡ್ಡ ತಂಡವೇನಲ್ಲ, ಗೊತ್ತು. ಆದರೆ 2023ರ ನವೆಂಬರ್‌ನಲ್ಲಿ ಕುವೈತ್ ಮೇಲೆ ಗೆದ್ದ ಮೇಲೆ ನಮ್ಮವರು ಒಂದು ಮ್ಯಾಚೂ ಗೆದ್ದಿರಲಿಲ್ಲ. 2024 ಇಡೀ ವರ್ಷ ಒಂದು ಗೆಲುವಿಲ್ಲದೆ ಕಳೆದುಹೋಯ್ತು. ನಿನ್ನೆ ರಾಹುಲ್ ಭೇಕೆ ಒಂದು, ಲಿಸ್ಟನ್ ಕೊಲಾಸೊ ಒಂದು ಹೊಡೆದ ಮೇಲೆ, 76ನೇ ನಿಮಿಷದಲ್ಲಿ ಲಿಸ್ಟನ್ ಬದಿಯಿಂದ ಎತ್ತಿ ಕೊಟ್ಟ ಚೆಂಡಿಗೆ ಚೆಟ್ರಿ ತಲೆ ಕೊಟ್ಟ. ದೇಶಕ್ಕೆ ಅವನ 95ನೇ ಗೋಲು. ನಾನು ಏಕವಚನದಲ್ಲೇ ಬರೀತೀನಿ, ನನ್ನ ತಮ್ಮನ ವಯಸ್ಸಿನವನು. ಆಗಸ್ಟ್ ಬಂದರೆ ನಲವತ್ತೊಂದು.

ಮೊನ್ನೆ ನಿನಗೆ ಇಪ್ಪತ್ತು ತುಂಬಿತಲ್ಲ, ಆವತ್ತೇ ಲೆಕ್ಕ ಹಾಕಿದ್ದೆ. ಅವನು ಭಾರತಕ್ಕೆ ಮೊದಲ ಮ್ಯಾಚ್ ಆಡಿದ್ದು 2005ರ ಜೂನ್ 12ಕ್ಕೆ, ಪಾಕಿಸ್ತಾನದ ಕ್ವೆಟ್ಟಾದಲ್ಲಿ. ನೀನಾಗ ಮೂರು ತಿಂಗಳ ಕೂಸು. ನಾನಿನ್ನೂ ಬಾಣಂತನಕ್ಕೆ ತುಮಕೂರಿನ ತವರಲ್ಲೇ ಇದ್ದೆ. ನಿನಗೆ ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುತ್ತಿದ್ದ ಆ ದಿನಗಳಲ್ಲಿ ಇಪ್ಪತ್ತು ವರ್ಷದ ಹುಡುಗ ಒಬ್ಬ ಅಲ್ಲಿ ಮೊದಲ ಮ್ಯಾಚಿನಲ್ಲೇ ಗೋಲ್ ಹೊಡೆದಿದ್ದ. ಹೋದ ವರ್ಷ ಮೇ 16ಕ್ಕೆ ನಿವೃತ್ತಿ ಹೇಳಿದ ವಿಡಿಯೋದಲ್ಲಿ ಆ ದಿನದ ವಿಷಯ ಹೇಳಿದನಲ್ಲ, ನೆನಪಿದೆಯಾ? ಕೋಚ್ ಸುಖಿ ಸರ್ ಬೆಳಿಗ್ಗೆ ಬಂದು ನೀನು ಇವತ್ತು ಆಡ್ತೀಯ ಅಂದರಂತೆ. ಇವನು ಹೊಸ ಜೆರ್ಸಿ ತಗೊಂಡು ಅದಕ್ಕೆ ಸೆಂಟ್ ಹೊಡೆದನಂತೆ. ಯಾಕೆ ಅಂತ ಅವನಿಗೇ ಗೊತ್ತಿಲ್ಲ. ನನಗೆ ಗೊತ್ತು. ನೀನು ಒಂದನೇ ಕ್ಲಾಸಿಗೆ ಹೋಗುವ ಮೊದಲ ದಿನ ಹೊಸ ಯೂನಿಫಾರ್ಮಿಗೆ ಪೌಡರ್ ಸುರಿದುಕೊಂಡು ಬಂದು ನಿಂತಿದ್ದೆ.

ನಮ್ಮಿಬ್ಬರಿಗೂ ಫುಟ್‌ಬಾಲ್ ಹುಚ್ಚು ಹತ್ತಿದ್ದು ಚೆಟ್ರಿ ಆಡೋ ಬೆಂಗಳೂರು ಎಫ್‌ಸಿಯಿಂದ. 2013ರಲ್ಲಿ ಶುರುವಾದ ಕ್ಲಬ್ ಮೊದಲ ವರ್ಷವೇ ದೇಶದ ಕ್ಲಬ್‌ಗಳ ಐ-ಲೀಗ್ ಗೆದ್ದುಬಿಟ್ಟಿತ್ತು. ಅದರ ಮುಂದಿನ ವರ್ಷ ಆಫೀಸಲ್ಲಿ ಯಾರೋ ಎರಡು ಪಾಸ್ ಕೊಟ್ಟರು. ನಿಮ್ಮಪ್ಪನಿಗೆ ಸೆಕೆಂಡ್ ಶಿಫ್ಟ್. ಮನೇಲಿ ಒಬ್ಬಳೇ ಇರ್ತೀಯ ಅಂತ ನಿನ್ನನ್ನೂ ಕರಕೊಂಡು ಹೋದೆ, ಅಷ್ಟೇ. ಕಾರ್ಪೊರೇಷನ್ ಹತ್ತಿರ ಬಸ್ ಇಳಿದು, ಹತ್ತು ರೂಪಾಯಿ ಕಡ್ಲೆಕಾಯಿ ಕಟ್ಟಿಸಿಕೊಂಡು, ನಿನ್ನ ಕೈ ಹಿಡಿದು ಕಂಠೀರವದ ಒಳಗೆ ಹೋದೆ. ಲೈಟುಗಳ ಕೆಳಗೆ ಆ ಹಸಿರು ಕಂಡ ಕೂಡಲೇ ನೀನು ನಿಂತುಬಿಟ್ಟೆ. ಹಿಂದಿನವರು ಮುಂದೆ ಹೋಗಮ್ಮ ಅಂತ ಹೇಳಬೇಕಾಯ್ತು. ಪಶ್ಚಿಮದ ಸ್ಟ್ಯಾಂಡಿನಲ್ಲಿ ವೆಸ್ಟ್ ಬ್ಲಾಕ್ ಬ್ಲೂಸ್ ಅನ್ನೋ ಅಭಿಮಾನಿ ಬಳಗದ ಹುಡುಗರು ತೊಂಬತ್ತು ನಿಮಿಷವೂ ನಿಂತುಕೊಂಡೇ ಡ್ರಮ್ ಬಡೀತಿದ್ದರು. ಅರ್ಧ ಗಂಟೆಯೊಳಗೆ ನೀನೂ ಕುರ್ಚಿ ಮೇಲೆ ಹತ್ತಿದ್ದೆ.

ನಮ್ಮ ಪಕ್ಕ ಕೂರುತ್ತಿದ್ದ ತಾತ ನೆನಪಿದ್ದಾರಲ್ಲ? ಗೌತಮಪುರದಿಂದ ಬರ್ತಿದ್ದರು. ಬೀದಿಯಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡ ಜಾಗ ಅದು. ಮನೆಮನೆಗೂ ಒಬ್ಬ ಆಟಗಾರ ಇದ್ದ ಕಾಲವನ್ನು ಕಂಡವರು ಅವರು. ಚೆಂಡು ಹೋದ ಕಡೆಯೆಲ್ಲ ನಾವು ತಲೆ ತಿರುಗಿಸುತ್ತಿದ್ದುದು ಅವರಿಗೆ ಸಹಿಸಲಾಗುತ್ತಿರಲಿಲ್ಲ. "ಚೆಂಡನ್ನ ಟೀವಿ ತೋರಿಸುತ್ತೆ ಕಣಮ್ಮ. ದುಡ್ಡು ಕೊಟ್ಟು ಇಲ್ಲಿಗೆ ಬಂದಿದ್ದೀರ, ಚೆಂಡು ಇಲ್ಲದ ಕಡೆ ನೋಡಿ. ಹನ್ನೊಂದನೇ ನಂಬರ್ ಏನು ಮಾಡ್ತಾನೆ ನೋಡಿ."

ಅಲ್ಲಿಂದ ಮೇಲೆ ನಾವು ನೋಡೋ ರೀತಿಯೇ ಬದಲಾಯ್ತು. ಚೆಂಡು ಆ ತುದಿಯಲ್ಲಿ ಇದ್ದಾಗ ಚೆಟ್ರಿ ಈ ತುದಿಯಲ್ಲಿ ಸುಮ್ಮನೆ ನಡೆದಾಡಿದ ಹಾಗೆ ಕಾಣುತ್ತಿದ್ದ. ಒಂದು ಸಲ ಹೆಗಲ ಮೇಲಿಂದ ಹಿಂದೆ ನೋಡುತ್ತಿದ್ದ, ಇನ್ನೊಂದು ಸಲ ನೋಡುತ್ತಿದ್ದ. ಕಾಯುವ ಡಿಫೆಂಡರ್ ಚೆಂಡಿನ ಕಡೆ ಕಣ್ಣು ಹೊರಳಿಸಿದ ಆ ಕ್ಷಣಕ್ಕೆ ಅವನ ಬೆನ್ನ ಹಿಂದೆ ಎರಡು ಹೆಜ್ಜೆ ಸರಿದು ನಿಲ್ಲುತ್ತಿದ್ದ. ಒಂಬತ್ತು ಸಲ ಚೆಂಡು ಬರುತ್ತಲೇ ಇರಲಿಲ್ಲ. ಹತ್ತನೇ ಸಲ ಬಂದಾಗ, ಐದು ಅಡಿ ಏಳು ಇಂಚಿನ ಮನುಷ್ಯ ಆರಡಿಯವರ ನಡುವೆ ಒಬ್ಬನೇ ಎದ್ದು ತಲೆ ಕೊಟ್ಟಿರುತ್ತಿದ್ದ. ಹಾರೋದರಲ್ಲಿ ವಿಶೇಷ ಇಲ್ಲ, ಹೊರಡೋ ಹೊತ್ತಿನಲ್ಲಿದೆ ಅಂತ ತಾತ ಹೇಳ್ತಿದ್ದರು. ನಿನ್ನೆ ಶಿಲ್ಲಾಂಗಿನ ಗೋಲೂ ಅದೇ. ಕೊರೋನಾ ಮುಗಿದು ಮತ್ತೆ ಸ್ಟೇಡಿಯಂಗೆ ಹೋದಾಗ ಆ ಸೀಟಲ್ಲಿ ತಾತ ಇರಲಿಲ್ಲ. ಯಾರನ್ನ ಕೇಳಬೇಕು ಅಂತಲೂ ನಮಗೆ ತಿಳಿಯಲಿಲ್ಲ.

2016ರ ಅಕ್ಟೋಬರ್ 19, ಬುಧವಾರ. ನಿನಗೆ ಮಾರನೇ ದಿನ ಶಾಲೆ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಹಿಂದಿನ ವರ್ಷದ ಚಾಂಪಿಯನ್ ಆದ ಮಲೇಷ್ಯಾದ ಜೊಹೊರ್ ತಂಡ. ಶುರುವಿನಲ್ಲೇ ಅವರು ಗೋಲ್ ಹೊಡೆದಾಗ ನೀನು ನನ್ನ ಸೆರಗಲ್ಲಿ ಮುಖ ಮುಚ್ಚಿಕೊಂಡೆ. ಅರ್ಧಕ್ಕೆ ಮುಂಚೆ ಚೆಟ್ರಿ ತಲೆಯಿಂದ ಒಂದು ಹೊಡೆದು ಸಮ ಮಾಡಿದ. ಎರಡನೆಯದನ್ನ ಬಾಕ್ಸಿನ ಹೊರಗಿಂದ ಹೊಡೆದ. ಅದು ಬಲೆಗೆ ಬಿದ್ದ ಸದ್ದೂ ಕೇಳಿಸದ ಹಾಗೆ ಇಡೀ ಸ್ಟೇಡಿಯಂ ಕೂಗಿತ್ತು. ನಮ್ಮ ತಂಡದ ಹುವಾನನ್ ಮೂರನೆಯದನ್ನ ಸೇರಿಸಿದ. ಎಎಫ್‌ಸಿ ಕಪ್ ಫೈನಲ್ಲಿಗೆ ಹೋದ ಮೊದಲ ಭಾರತೀಯ ಕ್ಲಬ್ ನಮ್ಮೂರಿನದು. ದೋಹಾದಲ್ಲಿ ಇರಾಕಿನ ತಂಡದ ಕೈಲಿ ಒಂದು ಗೋಲಿಂದ ಸೋತರು, ಅದು ಬೇರೆ ಮಾತು. ಆ ರಾತ್ರಿ ಆಟಗಾರರೆಲ್ಲ ವೆಸ್ಟ್ ಬ್ಲಾಕ್ ಮುಂದೆ ಬಂದು ಕೈ ಮೇಲೆತ್ತಿ ಚಪ್ಪಾಳೆ ಹೊಡೆದಾಗ ನಿನ್ನ ಅಂಗೈ ಕೆಂಪಾಗಿತ್ತು. ಬಸ್ಸಲ್ಲಿ ನನ್ನ ತೊಡೆ ಮೇಲೆ ನಿದ್ದೆ ಹೋದೆ. ಮಾರನೇ ದಿನ ಶಾಲೆಗೆ ಕಳಿಸಲಿಲ್ಲ. ನಿಮ್ಮ ಮಿಸ್ಸಿಗೆ ಜ್ವರ ಅಂತ ಚೀಟಿ ಬರೆದುಕೊಟ್ಟವಳು ನಾನೇ.

ಆದರೆ ನನ್ನನ್ನು ಕೇಳಿದರೆ ಅವನ ಎಲ್ಲ ಗೋಲಿಗಿಂತ ನನಗೆ ಬೇಕಾದದ್ದು 2023ರ ಜೂನ್ 21ರದ್ದು. ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಕಪ್, ಪಾಕಿಸ್ತಾನದ ಎದುರು, ನಮ್ಮ ಕಂಠೀರವದಲ್ಲೇ, ಆ ಮಳೆಯಲ್ಲಿ. ಅವನು ಮೂರು ಹೊಡೆದ, 4-0 ಗೆದ್ದೆವು. ನಾನು ಹೇಳೋದು ಹತ್ತನೇ ನಿಮಿಷದ ಮೊದಲ ಗೋಲಿನ ವಿಷಯ. ಚೆಂಡು ಅವರ ಗೋಲ್‌ಕೀಪರ್ ಕಾಲಲ್ಲಿತ್ತು. ಯಾವ ಅಪಾಯವೂ ಇರಲಿಲ್ಲ. ಇಂಥ ಚೆಂಡಿನ ಹಿಂದೆ ಓಡೋದು ವ್ಯರ್ಥ ಅಂತ ಯಾರಿಗಾದರೂ ಅನಿಸುತ್ತೆ. ಮೂವತ್ತೆಂಟು ವರ್ಷದ, ದೇಶಕ್ಕೆ ಎಂಬತ್ತೇಳು ಗೋಲ್ ಹೊಡೆದು ಮುಗಿಸಿದ ಮನುಷ್ಯ ಅದರ ಹಿಂದೆ ಓಡಿದ. ಗೋಲ್‌ಕೀಪರ್ ತಡಬಡಾಯಿಸಿದ, ಚೆಂಡು ಸಿಕ್ಕಿತು, ಖಾಲಿ ಬಲೆಗೆ ತಳ್ಳಿದ. ನೋಡಿದವರು ಅದನ್ನ ಗೋಲ್‌ಕೀಪರ್ ತಪ್ಪು ಅಂದರು. ನೀನು ನನ್ನ ಕಿವಿ ಹತ್ತಿರ ಬಂದು "ತಾತ ಇದ್ದಿದ್ರೆ ಈ ಓಟ ನೋಡಿ ಕುಣಿದುಬಿಡ್ತಿದ್ರು" ಅಂದೆ. ನೆನೆದ ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಅದಾಗಿ ಸ್ವಲ್ಪ ದಿನಕ್ಕೇ ನಿನ್ನ ಟ್ರಂಕು ಧಾರವಾಡದ ಹಾಸ್ಟೆಲ್ ಸೇರಿತು.

ಹೋದ ವರ್ಷ ಆ ವಿಡಿಯೋ ಬಂದ ವಾರ ಬಸ್ಸಲ್ಲಿ, ಆಫೀಸಲ್ಲಿ, ಎಲ್ಲಿ ನೋಡಿದರೂ ಅದೇ ಮಾತು. ಒಬ್ಬೊಬ್ಬರ ಹತ್ತಿರ ಒಬ್ಬೊಬ್ಬ ಚೆಟ್ರಿ ಇದ್ದ. ನಮ್ಮ ಸೆಕ್ಷನ್ನಿನ ಹುಡುಗನಿಗೆ, ಹೆಂಡತಿ ಬಸುರಿ ಅಂತ ತಿಳಿಸೋಕೆ ಭುವನೇಶ್ವರದಲ್ಲಿ ಗೋಲ್ ಹೊಡೆದು ಚೆಂಡನ್ನ ಅಂಗಿಯೊಳಗೆ ಇಟ್ಟುಕೊಂಡವನು. ಮುಂಬೈಯಿಂದ ವರ್ಗವಾಗಿ ಬಂದವರಿಗೆ 2018ರವನು: ಚೈನೀಸ್ ತೈಪೆ ಜೊತೆಗಿನ ಮ್ಯಾಚಿಗೆ ಬರೀ ಎರಡೂವರೆ ಸಾವಿರ ಚಿಲ್ಲರೆ ಜನ ಸೇರಿದ್ದಾಗ, ಬೈಯೋದಾದರೂ ಸ್ಟೇಡಿಯಂಗೆ ಬಂದು ಬೈಯಿರಿ ಅಂತ ಕೈಮುಗಿದು ಕೇಳಿ, ಎರಡೇ ದಿನಕ್ಕೆ ತನ್ನ ನೂರನೇ ಮ್ಯಾಚಿಗೆ ಸ್ಟೇಡಿಯಂ ತುಂಬಿಸಿದವನು. ಕ್ಯಾಂಟೀನಿನವರಿಗೆ ಗೋಲಿನ ನೆನಪೇ ಇಲ್ಲ, ಅವನು ಹಾಲು, ಮಾಂಸ ಎಲ್ಲ ಬಿಟ್ಟು ಮೈ ಕಾಪಾಡಿಕೊಂಡ ಅನ್ನೋದೇ ದೊಡ್ಡದು. ಮನೆಗೆ ಬಂದು ಅಜ್ಜಿಗೆ ಹೇಳಿದೆ. "ಪಾಪ, ತುಪ್ಪ ಇಲ್ಲದೆ ಅಷ್ಟು ಓಡಿದನಾ!" ಅಂದರು.

ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸುಮಾರು 59 ಸಾವಿರ ಜನ ಸೇರಿದ್ದರು. ಕುವೈತ್ ಜೊತೆ 0-0. ಕೊನೇ ಮ್ಯಾಚಿನಲ್ಲಿ ಗೋಲ್ ಬರಲಿಲ್ಲ. ಜೊತೆ ಆಟಗಾರರು ಎರಡು ಸಾಲು ನಿಂತು ಚಪ್ಪಾಳೆ ತಟ್ಟಿದರು. ನಡುವೆ ನಡೆದು ಬಂದವನು ಅತ್ತ. ನಾನೂ ಅತ್ತೆ. ಅದನ್ನೇ ನೀನು ಫೋನಲ್ಲಿ ಕೇಳಿಸಿಕೊಂಡದ್ದು.

ಯಾಕೆ ಅಂತ ಕೇಳಿದೆಯಲ್ಲ. ಆ ವಿಡಿಯೋದಲ್ಲಿ ಅವನು ಹೇಳಿದ ಒಂದು ಮಾತು ನನ್ನ ತಲೆಯಿಂದ ಹೋಗಿರಲಿಲ್ಲ. ನಿಲ್ಲಿಸ್ತೀನಿ ಅಂತ ಮನೇಲಿ ಹೇಳಿದಾಗ ಅಪ್ಪ ಹಗುರಾದರಂತೆ. ಅಮ್ಮ, ಹೆಂಡತಿ ಅಳೋಕೆ ಶುರು ಮಾಡಿದರಂತೆ. ಅವನಮ್ಮ ನೇಪಾಳದ ತಂಡಕ್ಕೆ ಫುಟ್‌ಬಾಲ್ ಆಡಿದವರು. ಮಗನ ಮ್ಯಾಚ್ ನೋಡೋ ಒತ್ತಡ ಇನ್ನಿಲ್ಲ ಅಂತ ಸಮಾಧಾನ ಆಗಬೇಕಿತ್ತು, ಅವರು ಅತ್ತರು. ನನಗೆ ಅದು ಸೀದಾ ಎದೆಗೆ ಬಂತು. ನಾನು ಅವನನ್ನ ನೋಡೋಕೆ ಹೋಗ್ತಿದ್ದ ಅಷ್ಟೂ ವರ್ಷ ನನ್ನ ಎಡಗೈಯಲ್ಲಿ ನಿನ್ನ ಕೈ ಇತ್ತು. ಮೊದಲು ಹಿಡಿದುಕೊಂಡು ಬಂದ ಕೈ, ಆಮೇಲೆ ಜನಜಂಗುಳಿಯಲ್ಲಿ ನನ್ನನ್ನೇ ದಾಟಿಸಿಕೊಂಡು ಹೋದ ಕೈ. ಅವನು ಆಡ್ತಿದ್ದಾನೆ ಅಂದರೆ ಆ ವರ್ಷಗಳು ಇನ್ನೂ ಮುಗಿದಿಲ್ಲ ಅಂತ ನನಗೆ ಒಳಗೊಳಗೇ ಅನಿಸ್ತಿತ್ತು. ಆ ರಾತ್ರಿ ಪಕ್ಕದ ಕುರ್ಚಿ ಖಾಲಿ ಇತ್ತು, ಟೀವಿಯಲ್ಲಿ ಅವನು ಕೈಮುಗೀತಿದ್ದ.

ನಿವೃತ್ತಿ ಅಂತ ಹೇಳಿಬಿಟ್ಟ ಮೇಲೆ ವಾಪಸ್ ಬರಬಾರದಿತ್ತು ಅಂತ ನಿನ್ನ ಗೆಳತಿಯರು ಅಂದರಂತೆ. ಇಷ್ಟು ದೊಡ್ಡ ದೇಶ ಗೋಲಿಗಾಗಿ ನಲವತ್ತರ ಮನುಷ್ಯನನ್ನ ವಾಪಸ್ ಕರೀಬೇಕಾಯ್ತಲ್ಲ ಅನ್ನೋ ನೋವು ನನಗೂ ಇದೆ. ಆ ನೋವಿಗೆ ಅವನು ಹೊಣೆಯಲ್ಲ. ಈ ಸೀಸನ್ನಿನ ಐಎಸ್‌ಎಲ್‌ನಲ್ಲಿ, ಅಂದರೆ ಇಂಡಿಯನ್ ಸೂಪರ್ ಲೀಗ್‌ನಲ್ಲಿ, ಅವನಷ್ಟು ಗೋಲ್ ಹೊಡೆದ ಇನ್ನೊಬ್ಬ ಭಾರತೀಯ ಇಲ್ಲ. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಕಂಠೀರವದಲ್ಲಿ ಮೂರು ಹೊಡೆದಾಗ ನಾನು ಒಬ್ಬಳೇ ಹೋಗಿದ್ದೆ. ಐಎಸ್‌ಎಲ್‌ನಲ್ಲಿ ಆ ವಯಸ್ಸಿಗೆ ಹ್ಯಾಟ್ರಿಕ್ ಹೊಡೆದವರು ಬೇರೆ ಯಾರೂ ಇಲ್ಲ. ಭಾರತ ತಂಡದ ಕೋಚ್ ಮನೋಲೊ ಕರೆದರು, ಇವನು ಬೂಟ್ ಕಟ್ಟಿದ. ಇಪ್ಪತ್ತು ವರ್ಷ ಅವನು ಮಾಡಿದ್ದೂ ಅದೇ ಅಲ್ಲವಾ. ಬರದ ಚೆಂಡಿನ ಹಿಂದೆಯೂ ಹೊರಟವನು, ಕರೆದಾಗ ಬರಲ್ಲ ಅಂತಾನಾ?

ನಿನ್ನೆಯ ಗೋಲು ನೋಡಿದಾಗ ನನಗೆ ಅಳು ಬರಲಿಲ್ಲ. ತಟಕ್ಕನೆ ಪಕ್ಕಕ್ಕೆ ತಿರುಗಿ ‘ನೋಡ್ದೇನೇ’ ಅಂದೆ. ನಿಮ್ಮಪ್ಪ ಅಡುಗೆಮನೆಯಿಂದ ‘ಏನು?’ ಅಂದರು.

ಈಗ ಮುಖ್ಯ ವಿಷಯ. 29ನೇ ತಾರೀಖು ಶನಿವಾರ ಕಂಠೀರವದಲ್ಲಿ ನಮ್ಮ ಬೆಂಗಳೂರಿಗೆ ಮುಂಬೈ ಸಿಟಿ ಜೊತೆ ಐಎಸ್‌ಎಲ್ ನಾಕೌಟ್ ಇದೆ. ಸೋತವರು ಅಲ್ಲಿಗೇ ಮುಗೀತು. ಮಾರನೇ ದಿನ ಭಾನುವಾರ ಯುಗಾದಿ, ಹೇಗೂ ಬರ್ತೀಯ. ಭಾನುವಾರ ಬೆಳಿಗ್ಗೆ ಬಂದು ಇಳಿಯೋ ಬದಲು ಶುಕ್ರವಾರ ರಾತ್ರಿಯೇ ರೈಲು ಹತ್ತಿಬಿಡು. ಹೋಳಿಗೆಗೆ ಬೇಳೆ ಬೇಯಿಸೋದು, ಮಾವಿನೆಲೆ ತರೋದು ಎಲ್ಲ ಮಧ್ಯಾಹ್ನದೊಳಗೆ ಮುಗಿಸಿಕೊಂಡು ಹೊರಡೋಣ. ನೀಲಿ ಸ್ಕಾರ್ಫ್ ನಿನ್ನ ಬೀರುವಿನಲ್ಲೇ ಇದೆ, ಒಗೆದು ಇಟ್ಟಿದ್ದೀನಿ. ಎರಡು ಟಿಕೆಟ್ ತೆಗೀಲಾ? ಇವತ್ತು ಸಂಜೆಯೊಳಗೆ ಹೇಳು, ಪಶ್ಚಿಮದ ಸ್ಟ್ಯಾಂಡ್ ಬೇಗ ತುಂಬಿಹೋಗುತ್ತೆ.

ನಿನ್ನ,
ಅಮ್ಮ