ಕೊನೆಯ ಸುತ್ತಿನಲ್ಲಿ ನಿಂತ ಓಟಗಾರ್ತಿಗೆ

ಭಾನುವಾರದ 10 ಕಿ.ಮೀ. ಕ್ರಾಸ್ ಕಂಟ್ರಿ ಓಟದಲ್ಲಿ ನಮ್ಮ ಕ್ಲಬ್ಬಿನ ಮಹಿಳಾ ತಂಡ ಮೂರನೆಯ ಸ್ಥಾನ ಪಡೆಯಿತು. ಪುರುಷರು ಆರನೆಯವರಾದರು, ಅವರೂ ಚೆನ್ನಾಗಿಯೇ ಓಡಿದರು. ಆದರೆ ಈ ಬರಹ ನಿಮಗಾಗಿ. ನಿಮ್ಮ ಹೆಸರು ನಮಗೆ ತಿಳಿಯದು.

ಈ ಓಟದಲ್ಲಿ ಪ್ರತಿ ತಂಡದ ಮೊದಲ ನಾಲ್ವರ ಸ್ಥಾನಗಳನ್ನು ಕೂಡಿಸುತ್ತಾರೆ. ಮೊತ್ತ ಕಡಿಮೆಯಿದ್ದ ತಂಡವೇ ಮುಂದೆ. ನಮ್ಮಲ್ಲಿ ಇದ್ದವರೇ ನಾಲ್ವರು. ಒಬ್ಬರು ಓಟ ಬಿಟ್ಟಿದ್ದರೂ ತಂಡ ಲೆಕ್ಕಕ್ಕೇ ಬರುತ್ತಿರಲಿಲ್ಲ. ಕೊನೆಯ ಸುತ್ತಿನ ಕೆಸರಿನ ಏರಿನಲ್ಲಿ ಮೀನಖಂಡ ಸೆಟೆದು ನಮ್ಮ ನಾಲ್ಕನೆಯ ಓಟಗಾರ್ತಿ ಬಿದ್ದಾಗ, ಬೇರೆ ತಂಡದವರಾದ ನೀವು ನಿಂತಿರಿ. ಕಾಲ್ಬೆರಳುಗಳನ್ನು ಮೊಣಕಾಲಿನತ್ತ ಎಳೆದುಕೊಳ್ಳಲು ಹೇಳಿದಿರಿ, ಕೈಹಿಡಿದು ಎಬ್ಬಿಸಿದಿರಿ, ತಕ್ಷಣ ಬಿಟ್ಟಿರಿ. ಹಾಗೆ ಬಿಟ್ಟದ್ದೂ ದೊಡ್ಡ ಉಪಕಾರ. ಬಿದ್ದವರನ್ನು ಎಬ್ಬಿಸಿ ನಿಲ್ಲಿಸಲು ನಿಯಮದಲ್ಲಿ ಅವಕಾಶವಿದೆ. ಆಸರೆ ಕೊಟ್ಟು ಮುಂದಕ್ಕೆ ಸಾಗಿಸುವಂತಿಲ್ಲ. ಅಂಥ ಆಯಾಸದಲ್ಲೂ ನಿಮಗೆ ಅದು ನೆನಪಿತ್ತು!

ಅಷ್ಟರಲ್ಲಿ ಎಷ್ಟೋ ಜನ ನಿಮ್ಮನ್ನು ದಾಟಿ ಹೋದರು. ನಿಮ್ಮ ತಂಡದ ಮೊತ್ತಕ್ಕೂ ಅದರಿಂದ ಪೆಟ್ಟು ಬಿದ್ದಿರಬೇಕು. ನಮಗೆ ಅದು ಗೊತ್ತಿದೆ, ಮರೆಯುವುದಿಲ್ಲ. ಓಟ ಮುಗಿದ ಮೇಲೆ ಹುಡುಕಿದೆವು, ನೀವು ಸಿಗಲಿಲ್ಲ. ಮುಂದಿನ ಸ್ಪರ್ಧೆಯಲ್ಲಿ ನಮ್ಮ ತಂಡದವರು ಕಂಡರೆ ದಯವಿಟ್ಟು ಮಾತನಾಡಿಸಿ. ನಾಲ್ವರೂ ನಿಮಗೆ ಎದುರಿನಲ್ಲೇ ಧನ್ಯವಾದ ಹೇಳಬೇಕೆಂದಿದ್ದಾರೆ.