ನನ್ನ ಎರಡು ಗಂಟುಗಳು, ಮತ್ತು ಥ್ಯಾಂಕ್ಸ್ ಹೇಳಬೇಕಾದವರು

ರೇಡಿಯೇಷನ್ ಆದ ಮೇಲಿನ ಮೊದಲ ಸ್ಕ್ಯಾನ್ ರಿಪೋರ್ಟ್ ಬಂದಿದೆ. ಶ್ವಾಸಕೋಶದ ಎರಡೂ ಗಂಟುಗಳು ಕುಗ್ಗಿವೆ. ಹೊಸದೇನೂ ಕಾಣಿಸಿಲ್ಲ. ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಿಗೇ ಫೋನ್‌ನಲ್ಲಿ ಹೇಳೋಕೆ ದಮ್ಮು ಸಾಲದು, ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಶ್ವಾಸಕೋಶದಲ್ಲಿ ಹುಟ್ಟಿದ ಕ್ಯಾನ್ಸರ್ ಅಲ್ಲ. ದೊಡ್ಡ ಕರುಳಿನದೇ ಅಲ್ಲಿಗೆ ಹೋಗಿ ಕೂತಿತ್ತು. (ಮನೆಯವರು ಸಿಗರೇಟ್ ಸೇದ್ತಿದ್ರಾ ಅಂತ ಕೇಳಿದವರಿಗೂ ಇದೇ ಉತ್ತರ.) ನನ್ನ ಹೃದಯ ಇನ್ನೊಂದು ಆಪರೇಷನ್ ತಡೆಯೋದಿಲ್ಲ ಎಂದರು. ಗಂಟು ಎರಡೇ ಇದ್ದದ್ದರಿಂದ ಎಸ್‌ಬಿಆರ್‌ಟಿ ಎನ್ನುವ ರೇಡಿಯೇಷನ್ ಚಿಕಿತ್ಸೆ ಮಾಡಬಹುದಾಯಿತು. ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕೊಡುವ ಬದಲು, ಗಂಟಿಗೇ ಗುರಿಯಿಟ್ಟು, ಹಲವು ದಿಕ್ಕಿನಿಂದ, ಜಾಸ್ತಿ ಡೋಸನ್ನು ಕೆಲವೇ ಸಿಟ್ಟಿಂಗ್‌ಗಳಲ್ಲಿ ಕೊಡುತ್ತಾರೆ.

ನಮ್ಮ ಡಾಕ್ಟರ್ ಸುಮ್ನೆ ಆಸೆ ಹುಟ್ಟಿಸಲಿಲ್ಲ. 99 ರೋಗಿಗಳ ಒಂದು ಅಧ್ಯಯನದ ಬಗ್ಗೆ ಹೇಳಿದರು. ಕ್ಯಾನ್ಸರ್ ಐದರೊಳಗಿನ ಜಾಗಗಳಿಗೆ ಮಾತ್ರ ಹರಡಿದ್ದವರು ಅವರು. ಈ ಚಿಕಿತ್ಸೆಯನ್ನೂ ಪಡೆದವರಲ್ಲಿ 5 ವರ್ಷದ ನಂತರ ನೂರಕ್ಕೆ ಸುಮಾರು 42 ಜನ ಬದುಕಿದ್ದರು, ಪಡೆಯದವರಲ್ಲಿ ಸುಮಾರು 18. ಅದು ಚಿಕ್ಕ ಅಧ್ಯಯನ, ಚಿಕಿತ್ಸೆಯ ಅಡ್ಡಪರಿಣಾಮದಿಂದಲೇ ತೀರಿಕೊಂಡವರೂ ಇದ್ದರು ಅನ್ನೋದನ್ನೂ ಮುಚ್ಚಿಡಲಿಲ್ಲ. ಡಾಕ್ಟ್ರೇ, ನನ್ನನ್ನು ತಿಳಿವಳಿಕೆ ಇರುವವಳಂತೆ ನಡೆಸಿಕೊಂಡಿರಿ. ಅದಕ್ಕೇ ನಿಮ್ಮನ್ನು ನಂಬಿದೆ.

ಇನ್ನು, ರೋಗಿಗಳು ಮುಖವನ್ನೇ ನೋಡದ ಒಬ್ಬರಿದ್ದಾರೆ: ಕಿರಣ ಎಲ್ಲಿಗೆ, ಎಷ್ಟು ಬೀಳಬೇಕು ಅಂತ ಲೆಕ್ಕ ಹಾಕುವ ಮೆಡಿಕಲ್ ಫಿಸಿಸಿಸ್ಟ್. ಹೈಸ್ಕೂಲಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು ನಾನು, ಹಟ ಹಿಡಿದು ಭೇಟಿಯಾದೆ. ಚಿಕ್ಕ ಹುಡುಗಿ, ನನ್ನ ಶಿಷ್ಯೆಯರ ವಯಸ್ಸು. ಉಸಿರಾಡಿದಂತೆಲ್ಲ ಗಂಟೂ ಮೇಲೆ ಕೆಳಗೆ ಆಡುತ್ತದಂತೆ. ಆ ಓಡಾಟವನ್ನು 4ಡಿ ಸಿಟಿ (ಚಲನೆಯನ್ನೂ ತೋರಿಸುವ ಸ್ಕ್ಯಾನ್) ಯಲ್ಲಿ ಹಿಡಿದು, ಹೃದಯ, ಅನ್ನನಾಳ, ಪಕ್ಕೆಲುಬಿಗೆ ಆದಷ್ಟು ಕಡಿಮೆ ತಾಗುವಂತೆ ಲೆಕ್ಕ ಹಾಕಿದ್ದನ್ನು ಸ್ಕ್ರೀನಿನಲ್ಲಿ ತೋರಿಸಿದಳು. ಆ ಲೆಕ್ಕಕ್ಕೆ ನೂರಕ್ಕೆ ನೂರು ಕೊಟ್ಟಿದ್ದೇನೆ, ಮಗಳೇ.

ಮೆಷಿನ್ ರೂಮಿನ ಹುಡುಗರನ್ನು ಮರೆಯೋದುಂಟೇ? ಕೈ ತಲೆಯ ಮೇಲೆತ್ತಿ, ಮೈಯಚ್ಚಿಗೆ ಬಿಗಿಯಾದ ದಿಂಬಿನಲ್ಲಿ ಕದಲದೆ ಮಲಗಬೇಕು. ಪ್ರತಿ ಸಲವೂ ಮೊದಲು ಸ್ಕ್ಯಾನ್ ಮಾಡಿ ಜಾಗ ಸರಿಯಿದೆಯಾ ಅಂತ ನೋಡುತ್ತಾರೆ, ಆಮೇಲಷ್ಟೇ ಚಿಕಿತ್ಸೆ. ನೋವೇನೂ ಇಲ್ಲ, ಆದರೆ ನನ್ನ ಭುಜ ಹಿಡಿದುಕೊಳ್ಳುತ್ತಿತ್ತು. "ಅಮ್ಮಾ, ಇನ್ನೇನು ಆಯ್ತು" ಎನ್ನುತ್ತಾ ಎಬ್ಬಿಸಿ, ತೋಳು ತಿಕ್ಕಿ ಕಳಿಸುತ್ತಿದ್ದರು.

ಮನೆಗೆ ಬಂದು ಕೆಲವು ವಾರವಾದ ಮೇಲೆ ಒಣಕೆಮ್ಮು ಶುರುವಾಯಿತು. ನೆಗಡಿ ಅಂದುಕೊಳ್ಳದೆ ಆಸ್ಪತ್ರೆಗೆ ಎಳೆದುಕೊಂಡು ಹೋದವಳು ನನ್ನ ನಾದಿನಿ. ರೇಡಿಯೇಷನ್‌ನಿಂದಾದ ಉರಿಯೂತ ಅದು, ಸ್ಟೀರಾಯ್ಡ್ ಮಾತ್ರೆಯಲ್ಲಿ ಹತೋಟಿಗೆ ಬಂತು. ರಾತ್ರಿ ಪೂರ್ತಿ ಪಕ್ಕದಲ್ಲಿ ಕೂತಿದ್ದಳು, ಬೈಯುತ್ತಲೇ.

ಪಕ್ಕದ ಮನೆಯವರಿಗೂ ಒಂದು ಮಾತು. ಊಟ ಕಳಿಸಿದ್ದಕ್ಕೆ ಋಣಿ. ಆದರೆ ಪುಟ್ಟಿಯನ್ನು ನನ್ನ ಹತ್ತಿರ ಬಿಡದಿದ್ದದ್ದು ಬೇಕಿರಲಿಲ್ಲ. ಹೊರಗಿನ ಮೆಷಿನ್‌ನಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯೋದಿಲ್ಲ, ಯಾರಿಗೂ ತಾಗೋದಿಲ್ಲ. ನಾಳೆ ಸಂಜೆಯಿಂದ ಕಳಿಸಿ. ಭಾಗಾಕಾರ ಇನ್ನೂ ಬಾಕಿ ಇದೆ.