ಹಿಮ ಬೀಳುವ ಮೊದಲು

ಚಿರಂಜೀವಿ ಮಗುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಊರಿನಿಂದ ದೂರವಿರುವ ಆ ಒಂಟಿ ಮನೆಯಲ್ಲಿ ನಿಮಗಿದು ಮೊದಲ ಚಳಿಗಾಲವೆಂದೂ, ದೊಡ್ಡ ಹಿಮಬಿರುಗಾಳಿ ಬಂದರೆ ಹೇಗಪ್ಪಾ ಎಂಬ ಅಳುಕು ಈಗಲೇ ಶುರುವಾಗಿದೆಯೆಂದೂ ನೀನು ಬರೆದದ್ದನ್ನು ಓದಿದೆ. ಅಂಥದೇ ಮನೆಯಲ್ಲಿ ನಾನು ಹಲವು ಚಳಿಗಾಲಗಳನ್ನು ಕಳೆದಿದ್ದೇನೆ. ಮನೆಯೊಳಗಿದ್ದವರಿಗೆ ಹಿಮಕ್ಕಿಂತ ಹೆಚ್ಚಾಗಿ, ಚಳಿ ತಾಳಲಾರದೆ ಅವಸರದಲ್ಲಿ ತಾವೇ ಹೂಡುವ ಉಪಾಯಗಳಿಂದ ಕೇಡು ಒದಗುತ್ತದೆ ಎಂಬುದು ನಾನು ಕಂಡುಕೊಂಡ ಸಂಗತಿ. ಆದ್ದರಿಂದ ಅದನ್ನೇ ಮೊದಲು ಬರೆಯುತ್ತೇನೆ.

ಒಂದು ಚಳಿಗಾಲದಲ್ಲಿ ವಿದ್ಯುತ್ ಹೋಗಿ ಎರಡನೆಯ ರಾತ್ರಿಯಾಗಿತ್ತು. ಹೊರಗಿಟ್ಟರೆ ಜನರೇಟರಿಗೆ ಹಿಮ ತಾಗುತ್ತದೆಂದು ಅದನ್ನು ಮನೆಗೆ ಅಂಟಿಕೊಂಡಿದ್ದ ಕೊಟ್ಟಿಗೆಯೊಳಗೆ ತಂದು, ಬಾಗಿಲು ಅರ್ಧ ತೆರೆದಿಟ್ಟು ಓಡಿಸಿದೆ. ಒಂದು ಗಂಟೆಯೊಳಗೆ ನಿನ್ನ ದೊಡ್ಡಮ್ಮನಿಗೆ ತಲೆನೋವು, ನನಗೆ ವಾಕರಿಕೆ. ದಣಿವಿರಬೇಕೆಂದುಕೊಂಡು ಮಲಗಲು ಹೊರಟಿದ್ದೆವು. ಇಬ್ಬರಿಗೂ ಒಟ್ಟಿಗೆ ಹೀಗಾಗುವುದು ಸಹಜವಲ್ಲವೆಂದು ಅವಳಿಗೆ ಹೊಳೆದದ್ದರಿಂದ ಹೊರಗೆ ಬಂದು ಬದುಕಿಕೊಂಡೆವು. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿಕೊಳ್ಳುವುದರಿಂದ, ನಿದ್ದೆಗೆ ಜಾರಿದವರು ಏಳದೇ ಹೋಗಬಹುದು. ಎಷ್ಟೇ ಕಷ್ಟವಾದರೂ ಜನರೇಟರನ್ನು ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಕಿಟಕಿ ಬಾಗಿಲುಗಳ ಕಡೆಗೆ ಬಾರದಂತೆ ಇಡು. ಇದ್ದಿಲ ಒಲೆಯನ್ನು ಒಳಗೆ ತರಲೇಬೇಡ. ಹೀಟರಿನ ಹೊಗೆ ಹೊರಹೋಗುವ ಕೊಳವೆಯ ಬಾಯಿ ಹಿಮದಲ್ಲಿ ಹೂತುಹೋಗಿದೆಯೇ ಎಂದು ಆಗಾಗ ನೋಡುತ್ತಿರು. ಕಾರಿನಲ್ಲಿ ಕುಳಿತು ಇಂಜಿನ್ ಚಾಲೂ ಮಾಡುವ ಮುನ್ನವೂ ಅದರ ಹೊಗೆಕೊಳವೆಯ ಸುತ್ತಲಿನ ಹಿಮವನ್ನು ಕೆದಕಿ ತೆಗೆ. ಮಲಗುವ ಕೋಣೆಯ ಹತ್ತಿರ ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಬೇರೆ ಯಾವ ಖರ್ಚನ್ನು ಮುಂದೂಡಿದರೂ ಇದನ್ನು ಮುಂದೂಡಬೇಡ.

ಇನ್ನು ನೀರು. ನಿಮ್ಮದು ಕೊಳವೆಬಾವಿಯ ಮನೆಯಾದ್ದರಿಂದ ವಿದ್ಯುತ್ ಹೋದ ಗಳಿಗೆಯಲ್ಲೇ ಪಂಪು ನಿಂತು ನಲ್ಲಿಯೂ ನಿಲ್ಲುತ್ತದೆ. ಕುಡಿಯಲು, ಅಡುಗೆಗೆ ಒಬ್ಬೊಬ್ಬರಿಗೆ ದಿನಕ್ಕೆ 4 ಲೀಟರಿನಂತೆ ಕನಿಷ್ಠ ಮೂರು ದಿನಕ್ಕೆ, ಒಂಟಿ ಮನೆಯಾದ್ದರಿಂದ ಸಾಧ್ಯವಾದರೆ ವಾರಕ್ಕಾಗುವಷ್ಟು ಶೇಖರಿಸಿಡು. ಶೌಚಾಲಯಕ್ಕೆ ಬೇರೆಯಾಗಿ ಬಕೆಟ್ಟುಗಳನ್ನು ತುಂಬಿಸಿಡು. ಹೊರಗೆ ಇಷ್ಟೊಂದು ಹಿಮವಿರುವಾಗ ನೀರಿಗೇನು ಕೊರತೆ ಎಂದು ನಿನಗೆ ಅನ್ನಿಸಬಹುದು. ಹತ್ತು ಪಾತ್ರೆ ಹೊಸ ಹಿಮ ಕರಗಿಸಿದರೆ ಸುಮಾರು ಒಂದು ಪಾತ್ರೆ ನೀರು ಸಿಗುತ್ತದೆ, ಅದಕ್ಕೆ ಸುಡುವ ಸೌದೆಯ ಲೆಕ್ಕ ಬೇರೆ.

ಮನೆಯನ್ನೆಲ್ಲ ಬೆಚ್ಚಗಿಡಲು ಹೋಗದೆ ಒಂದೇ ಕೋಣೆಯನ್ನು ಆರಿಸಿಕೊಂಡು, ಅದರ ಬಾಗಿಲಿನ ಸಂದಿಗೆ ಬಟ್ಟೆ ತುರುಕಿ, ಎಲ್ಲರೂ ಅಲ್ಲೇ ಇರಿ. ಆದರೆ ಒಲೆಯೋ ಹೀಟರೋ ಉರಿಯುವ ಕೋಣೆಯಲ್ಲಿ ಗಾಳಿಯಾಡುವ ಕಂಡಿಗಳನ್ನು ಮಾತ್ರ ಮುಚ್ಚಬೇಡಿ. ಸೌದೆ ಒಲೆಯ ಬೂದಿಯಲ್ಲಿ ಕೆಂಡ ದಿನಗಟ್ಟಲೆ ಅಡಗಿರಬಲ್ಲದು. ಅದನ್ನು ಮುಚ್ಚಳವಿರುವ ಲೋಹದ ಬಕೆಟ್ಟಿಗೆ ತುಂಬಿ, ಮನೆಯಿಂದ ದೂರ ಇಡಬೇಕು. ಬೆಳಕಿಗೆ ಟಾರ್ಚೇ ಇರಲಿ, ಮೇಣದ ಬತ್ತಿ ಬೇಡ. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಒಳಗಿನ ಪದಾರ್ಥ ಸುಮಾರು 4 ಗಂಟೆ, ತುಂಬಿದ ಫ್ರೀಜರಿನದು ಸುಮಾರು 48 ಗಂಟೆ ಕೆಡದೆ ಉಳಿಯುತ್ತದೆ.

ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಶೇಕಡಾ 9ರಷ್ಟು ಹಿಗ್ಗುತ್ತದೆ, ಆ ಒತ್ತಡಕ್ಕೆ ಪೈಪು ಬಿರಿಯುತ್ತದೆ. ವಿದ್ಯುತ್ ಇರುವಷ್ಟು ಹೊತ್ತು ಹೊರಗೋಡೆಯ ಬದಿಯ ನಲ್ಲಿಗಳಲ್ಲಿ ಸಣ್ಣಗೆ ನೀರು ಜಿನುಗುತ್ತಿರಲಿ. ವಿದ್ಯುತ್ ಹೋಗಿ ಮನೆ ತಣ್ಣಗಾಗತೊಡಗಿದರೆ ಮುಖ್ಯ ವಾಲ್ವ್ ಮುಚ್ಚಿ, ನಲ್ಲಿಗಳನ್ನು ತೆರೆದು ಪೈಪು ಬರಿದು ಮಾಡು. ಆ ವಾಲ್ವ್ ಎಲ್ಲಿದೆಯೆಂದು ಇವತ್ತೇ ಹುಡುಕಿಡು. ಕತ್ತಲೆಯಲ್ಲಿ ಹುಡುಕುವ ಪಾಡು ಬೇಡ.

ಬಿರುಗಾಳಿ ನಡೆಯುವಾಗ ಹೊರಗೆ ಹೋಗುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ನೆಲ, ಆಕಾಶ ಎರಡೂ ಒಂದೇ ಬಿಳುಪಾಗಿ, ಮನೆಯಿಂದ ಇಪ್ಪತ್ತು ಹೆಜ್ಜೆ ಇಟ್ಟವರಿಗೂ ದಿಕ್ಕು ತಪ್ಪುತ್ತದೆ. ದನಗಳಿಗೆ ಮೇವು ಹಾಕಲು ಹೋಗಲೇಬೇಕಾದೀತೆಂದು ಹಿಂದಿನ ರೈತರು ಮನೆಯ ಬಾಗಿಲಿನಿಂದ ಕೊಟ್ಟಿಗೆಯವರೆಗೆ ಹಗ್ಗ ಕಟ್ಟಿಡುತ್ತಿದ್ದರು, ಅದನ್ನು ಹಿಡಿದೇ ಹೋಗಿ ಬರುತ್ತಿದ್ದರು. ನೀನೂ ಆಕಾಶ ತಿಳಿಯಾಗಿರುವಾಗಲೇ ಹಗ್ಗ ಕಟ್ಟಿಡು.

ಗಾಳಿ ನಿಂತ ಮೇಲೆ ಹಿಮ ಎತ್ತುವ ಕೆಲಸ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡಿರುವಾಗ ಭಾರ ಎತ್ತಿದರೆ ಹೃದಯದ ಮೇಲೆ ಬೀಳುವ ಒತ್ತಡ ಅಪಾರ. ಸಾಧ್ಯವಾದಷ್ಟೂ ತಳ್ಳು, ಎತ್ತಬೇಕಾದರೆ ಅರ್ಧ ಸಲಿಕೆ ಮಾತ್ರ ಎತ್ತು, ನಡುನಡುವೆ ಒಳಗೆ ಬಂದು ಕುಳಿತುಕೋ. ನಿನ್ನ ಮಾವನವರಿಗೆ ಹೃದಯದ ತೊಂದರೆ ಇದೆಯಲ್ಲ, ಅವರು ಸಲಿಕೆ ಮುಟ್ಟದಂತೆ ನೋಡಿಕೊಳ್ಳುವುದು ನಿನ್ನ ಹೊಣೆ; ಅವರು ಬೇಸರಪಟ್ಟುಕೊಂಡರೂ ಪರವಾಗಿಲ್ಲ. ಛಾವಣಿಯ ಹಿಮವನ್ನು ನೆಲದ ಮೇಲೆಯೇ ನಿಂತು ಉದ್ದ ಹಿಡಿಯ ಕೊಕ್ಕೆಯಿಂದ ಎಳೆಯಬೇಕು, ಮೇಲೆ ಹತ್ತಬಾರದು. ವಿದ್ಯುತ್ ತಂತಿ ಹತ್ತಿರವಿರುವ ಕಡೆ ಆ ಕೊಕ್ಕೆಯನ್ನೂ ಎತ್ತಬಾರದು.

ಯಾರಾದರೂ ನಡುಗುತ್ತ ಮಾತು ತೊದಲಿ, ಹೆಜ್ಜೆ ತಡವರಿಸಿದರೆ ಅವರ ಮೈಶಾಖ 35 ಡಿಗ್ರಿಗಿಂತ ಕೆಳಗಿಳಿದಿರಬಹುದು. ಒದ್ದೆ ಬಟ್ಟೆ ಬಿಚ್ಚಿ, ಒಣ ಕಂಬಳಿ ಹೊದಿಸಿ, ಮೊದಲು ಎದೆ, ಕತ್ತು, ತಲೆಗಳನ್ನು ಬೆಚ್ಚಗೆ ಮಾಡಿ, ತುರ್ತು ಸಹಾಯಕ್ಕೆ ಕರೆ ಮಾಡು. ಬೆರಳು ಮರಗಟ್ಟಿ ಬೆಳ್ಳಗಾಗಿದ್ದರೆ ಉಜ್ಜಬೇಡ, ಬೆಂಕಿಗೂ ಹಿಡಿಯಬೇಡ; ಮುಟ್ಟಿದರೆ ಹಿತವೆನಿಸುವಷ್ಟೇ ಬೆಚ್ಚಗಿನ ನೀರಿನಲ್ಲಿ ಅದ್ದು.

ಪಕ್ಕದ ಮನೆ ಎಷ್ಟೇ ದೂರವಿದ್ದರೂ ಬಿರುಗಾಳಿಗೆ ಮುನ್ನ ಒಮ್ಮೆ ಹೋಗಿ ಮಾತಾಡಿಸಿ, ದಿನಕ್ಕೆ ಎರಡು ಸಲ ಪರಸ್ಪರ ಫೋನ್ ಮಾಡುವಂತೆ ಹೊತ್ತು ಗೊತ್ತುಮಾಡಿಕೋ. ನನಗೂ ಒಂದು ಸಾಲು ಬರೆ: ಅಲಾರಂ ಹಾಕಿಸಿದೆಯೋ, ಚಿಮಣಿ ಗುಡಿಸಿದ್ದಾಯಿತೋ, ವಾಲ್ವ್ ಎಲ್ಲಿ ಸಿಕ್ಕಿತು ಎಂದು. ಆ ಪತ್ರ ಬರುವವರೆಗೆ ನನಗೂ ನಿನ್ನ ದೊಡ್ಡಮ್ಮನಿಗೂ ಅದೇ ಯೋಚನೆ.

ಇಂತು ನಿನ್ನ ಹಿತೈಷಿ,
ದೊಡ್ಡಪ್ಪ